ಅಮ್ಮನ ಜೊತೆ ಅಂಡಮಾನ್‌ಗೆ ಹೊರಟಿದ್ದೇವೆ. ಈಜು ಬಾರದವರು ಸ್ಕೂಬಾ ಮಾಡಬಹುದಾ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಜನವರಿ ಎರಡನೇ ವಾರ ನಾನು, ಅಮ್ಮ, ತಮ್ಮ ಮೂವರೂ ಅಂಡಮಾನ್‌ಗೆ ಹೋಗುತ್ತಿದ್ದೇವೆ. ಒಟ್ಟು ಆರು ದಿನ. ಟಿಕೆಟ್ ಆಗಿದೆ, ಉಳಿದಿದ್ದೆಲ್ಲ ಇನ್ನೂ ಬದಲಾಯಿಸಬಹುದು.

ಅಮ್ಮನಿಗೆ 57. ತೀರ್ಥಹಳ್ಳಿಯಲ್ಲಿ ಹೊಳೆ ಪಕ್ಕದಲ್ಲೇ ಬೆಳೆದವರು, ಆದರೆ ಮೊಣಕಾಲಿಗಿಂತ ಮೇಲೆ ನೀರಿಗೆ ಇಳಿದವರಲ್ಲ. ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ. ತಮ್ಮನಿಗೆ ಈಜು ಬರುವುದಿಲ್ಲ, ಆದರೆ ಗಾಳಿಯ ಟ್ಯಾಂಕ್ ಕಟ್ಟಿಕೊಂಡು ನೀರಿನಡಿಗೆ ಇಳಿಯುವ ಸ್ಕೂಬಾ ಮಾಡಲೇಬೇಕು ಅಂತ ಹಠ. ನನಗೆ ಈಜುಕೊಳದಲ್ಲಿ ಈಜಿ ಅಭ್ಯಾಸ ಇದೆ, ಸಮುದ್ರದಲ್ಲಿ ಇಲ್ಲ. ಕನ್ನಡಕ ಬೇರೆ, ಪವರ್ ಮೈನಸ್ ಮೂರೂವರೆ.

ಟ್ರಾವೆಲ್ಸ್‌ನವರು ಹಾಕಿಕೊಟ್ಟ ಪ್ಲಾನ್ ಪ್ರಕಾರ ಐದನೇ ದಿನ ಮಧ್ಯಾಹ್ನ ಹ್ಯಾವ್‌ಲಾಕ್ ದ್ವೀಪದಲ್ಲಿ ಸ್ಕೂಬಾ, ಸಂಜೆ ಹಡಗಿನಲ್ಲಿ ಪೋರ್ಟ್ ಬ್ಲೇರ್, ಆರನೇ ದಿನ ಬೆಳಗ್ಗೆ 7ಕ್ಕೆ ವಿಮಾನ. ಇದು ಸರಿ ಇದೆಯಾ? ಹೋಗಿ ಬಂದವರು ಸ್ವಲ್ಪ ಹೇಳಿ.

ಕಡಲೂರಿನವ

ಮೊದಲು ಆ ಪ್ಲಾನ್ ತಿರುಗಿಸಿ ಹಾಕಿ ಅಕ್ಕ. ಡೈವ್ ಮೊದಲ ದಿನಗಳಲ್ಲಿ ಇರಲಿ, ಊರು ನೋಡುವುದು ಕೊನೆಗೆ ಇರಲಿ. ನಾನು ಎಂಟು ವರ್ಷದಿಂದ ಡೈವ್ ಮಾಡುತ್ತಿದ್ದೇನೆ, ಇದೊಂದು ವಿಷಯದಲ್ಲಿ ಮಾತ್ರ ಯಾರ ಜೊತೆಗೂ ರಾಜಿ ಇಲ್ಲ.

ಒಂದೇ ಒಂದು ಡೈವ್ ಮಾಡಿದರೆ ಕನಿಷ್ಠ 12 ಗಂಟೆ ವಿಮಾನ ಹತ್ತಬಾರದು. ಒಂದಕ್ಕಿಂತ ಜಾಸ್ತಿ ಮಾಡಿದರೆ 18 ಗಂಟೆ. ನಾನಂತೂ ಪೂರ್ತಿ ಒಂದು ದಿನ ಬಿಡುತ್ತೇನೆ. ನೀರಿನ ಅಡಿಯಲ್ಲಿ ಒತ್ತಡ ಜಾಸ್ತಿ. ಹತ್ತು ಮೀಟರ್ ಇಳಿದರೆ ದಡದಲ್ಲಿ ಇರುವುದರ ಎರಡರಷ್ಟು ಒತ್ತಡ. ಆ ಒತ್ತಡದಲ್ಲಿ ನಾವು ಉಸಿರಾಡುವ ಗಾಳಿಯ ನೈಟ್ರೋಜನ್ ರಕ್ತದಲ್ಲಿ, ಮೈಯ ಕೊಬ್ಬಿನಲ್ಲಿ ಕರಗಿ ಕೂತುಬಿಡುತ್ತದೆ. ಮೇಲೆ ಬಂದ ಮೇಲೆ ಅದು ನಿಧಾನಕ್ಕೆ ಉಸಿರಿನಲ್ಲೇ ಹೊರಗೆ ಹೋಗಬೇಕು. ವಿಮಾನದ ಒಳಗಿನ ಒತ್ತಡ ಸುಮಾರು 2,400 ಮೀಟರ್ ಎತ್ತರದ ಬೆಟ್ಟದ ಮೇಲೆ ಇರುವಷ್ಟಕ್ಕೆ ಇಳಿಯಬಹುದು, ಅಂದರೆ ಮುಳ್ಳಯ್ಯನಗಿರಿಗಿಂತ ಎತ್ತರ. ಬೇಗ ಹತ್ತಿದರೆ ಉಳಿದ ನೈಟ್ರೋಜನ್ ಮೈಯೊಳಗೇ ಗುಳ್ಳೆ ಆಗುತ್ತದೆ. ಕೀಲು ನೋವಿನಿಂದ ಶುರುವಾಗಿ ಕೈಕಾಲು ಸ್ವಾಧೀನ ತಪ್ಪುವವರೆಗೂ ಹೋಗಬಹುದು.

ನಮ್ಮ ಕಡೆಯವರಿಗೂ ಇದನ್ನು ಹೇಳಬೇಕು. ಮುರ್ಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಡೈವ್ ಮುಗಿಸಿ ಅದೇ ಸಂಜೆ ಕಾರಿನಲ್ಲಿ ಘಟ್ಟ ಹತ್ತಿ ಬೆಂಗಳೂರಿಗೆ ಹೊರಡುವವರು ಎಷ್ಟು ಜನ! ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ವಿಮಾನದಷ್ಟು ಎತ್ತರ ಅಲ್ಲ ನಿಜ, ಆದರೂ ಆ ರಾತ್ರಿ ಮುರ್ಡೇಶ್ವರದಲ್ಲೇ ಮಲಗಿ ಮರುದಿನ ಹೊರಡಿ.

ಈಜಿನ ವಿಷಯ. ಮೊದಲ ಸಲ ಮಾಡುವವರ ಸ್ಕೂಬಾಕ್ಕೆ ಅಲ್ಲಿ ಈಜು ಕೇಳುವುದಿಲ್ಲ. ತರಬೇತುದಾರರು ಟ್ಯಾಂಕ್ ಹಿಡಿದುಕೊಂಡು ಜೊತೆಗೇ ಇರುತ್ತಾರೆ, 12 ಮೀಟರ್‌ಗಿಂತ ಕೆಳಗೆ ಕರೆದೊಯ್ಯುವಂತಿಲ್ಲ. ಆದರೆ ಹೋಗುವ ಮುಂಚೆ ನಾಲ್ಕು ದಿನ ಈಜುಕೊಳಕ್ಕೆ ಹೋಗಿ, ಮುಖ ನೀರಿನೊಳಗೆ ಇಟ್ಟು ಬಾಯಲ್ಲಿ ಉಸಿರಾಡುವುದನ್ನು ರೂಢಿ ಮಾಡಿಕೊಳ್ಳಲಿ ನಿಮ್ಮ ತಮ್ಮ. ಸಮುದ್ರದಲ್ಲಿ ಗಾಬರಿಯಾಗುವುದು ಆಳ ನೋಡಿ ಅಲ್ಲ. ಮೂಗಿಗೆ ನೀರು ಹೋದಾಗ.

ಮೂಗುಕಿವಿಗಂಟಲು

ನಾನು ಇಎನ್‌ಟಿ ವೈದ್ಯೆ, ಡೈವ್ ಕೂಡ ಮಾಡುತ್ತೇನೆ. ಚಳಿಗಾಲದ ರಜೆ ಮುಗಿದ ಮೇಲೆ ಕಿವಿ ಹಿಡಿದುಕೊಂಡು ಬರುವವರನ್ನು ಪ್ರತಿ ವರ್ಷ ನೋಡುತ್ತೇನೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಕಿವಿಯ ತಮಟೆಯ ಹಿಂದೆ ಗಾಳಿ ತುಂಬಿದ ಸಣ್ಣ ಜಾಗ ಇದೆ. ಅಲ್ಲಿಂದ ಮೂಗಿನ ಹಿಂಭಾಗಕ್ಕೆ ಒಂದು ನಾಳ. ಕೆಳಗೆ ಇಳಿದಂತೆ ಹೊರಗಿನ ನೀರು ತಮಟೆಯನ್ನು ಒಳಕ್ಕೆ ತಳ್ಳುತ್ತದೆ. ಮೂಗು ಹಿಡಿದು, ಬಾಯಿ ಮುಚ್ಚಿ, ಮೆತ್ತಗೆ ಊದಿದರೆ ಆ ನಾಳದಿಂದ ಗಾಳಿ ಹೋಗಿ ಸಮ ಆಗುತ್ತದೆ. ಇದನ್ನು ನೋವು ಶುರುವಾಗುವ ಮುಂಚೆಯೇ ಮಾಡಬೇಕು. ಅರ್ಧ ಮೀಟರ್ ಇಳಿದಿರಾ, ಊದಿ. ಮತ್ತೆ ಅರ್ಧ ಮೀಟರ್, ಮತ್ತೆ ಊದಿ. ನೋವು ಬಂದ ಮೇಲೆ ಜೋರಾಗಿ ಊದಬೇಡಿ, ಒಂದು ಮೀಟರ್ ಮೇಲೆ ಬಂದು ಮತ್ತೆ ಪ್ರಯತ್ನಿಸಿ. ಆಗಲಿಲ್ಲ ಅಂದರೆ ಅವತ್ತಿಗೆ ಡೈವ್ ಬೇಡ.

ನೆಗಡಿ ಇದ್ದರೆ ಇಳಿಯಲೇಬೇಡಿ. ಮೂಗಿಗೆ ಡ್ರಾಪ್ಸ್ ಹಾಕಿಕೊಂಡು ಇಳಿಯುವವರಿದ್ದಾರೆ. ನೀರಿನಡಿಯಲ್ಲೇ ಅದರ ಪ್ರಭಾವ ಇಳಿದರೆ ಮೇಲೆ ಬರುವಾಗ ಗಾಳಿ ಹೊರಗೆ ಹೋಗಲು ದಾರಿ ಇರುವುದಿಲ್ಲ. ಆ ನೋವು ಬೇಡ.

ಅಲ್ಲಿ ಒಂದು ಆರೋಗ್ಯದ ಫಾರಂ ಕೊಡುತ್ತಾರೆ. ಆಸ್ತಮಾ, ಹೃದಯ, ಮೂರ್ಛೆ, ಬಿಪಿ, ಕಿವಿಯ ಆಪರೇಷನ್, ಗರ್ಭಿಣಿಯಾ, ಎಲ್ಲ ಕೇಳಿರುತ್ತದೆ. ದಯವಿಟ್ಟು ನಿಜ ಬರೆಯಿರಿ. ಅಮ್ಮನನ್ನು ಈಗಲೇ ಅವರ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಕೇಳಿ. ಬೇಡ ಅಂದರೆ ಸ್ನಾರ್ಕೆಲಿಂಗ್ ಇದೆ, ಲೈಫ್ ಜಾಕೆಟ್ ಹಾಕಿ ಮೇಲೆ ತೇಲುತ್ತಾ ನೋಡುವುದು. ಅದಕ್ಕೂ ಒಂದು ಮಾತು ಡಾಕ್ಟರನ್ನು ಕೇಳಿಬಿಡಿ.

ಜಯನಗರ 4ನೇ ಬ್ಲಾಕ್

ಸುಮ್ನೆ ಹೆದರಿಸುತ್ತಿದ್ದೀರಿ ಅನ್ನಿಸುತ್ತದೆ. ನಮ್ಮ ಮಾವನವರಿಗೆ 60 ದಾಟಿದೆ, ಬಿಪಿ ಇದೆ, ಶುಗರ್ ಇದೆ. ಎಲ್ಲದಕ್ಕೂ ಇಲ್ಲ ಅಂತ ಟಿಕ್ ಮಾಡಿ ಆರಾಮಾಗಿ ಡೈವ್ ಮಾಡಿ ಬಂದರು. ಏನೂ ಆಗಲಿಲ್ಲ. ವಯಸ್ಸಾದವರಿಗೆ ಆಸೆ ಇರಬಾರದಾ?

ಮೂಗುಕಿವಿಗಂಟಲು

ಆಸೆ ಇರಲಿ ಸರ್, ಖಂಡಿತ ಇರಲಿ. ವಯಸ್ಸು ಅಡ್ಡಿ ಅಲ್ಲ, 70 ದಾಟಿದವರೂ ಡೈವ್ ಮಾಡುತ್ತಾರೆ. ಬಿಪಿ ಹತೋಟಿಯಲ್ಲಿದ್ದು ಡಾಕ್ಟರ್ ಒಪ್ಪಿದರೆ ಹೋಗಬಹುದು. ನನ್ನ ಬೇಸರ ಆ ಸುಳ್ಳು ಟಿಕ್ ಬಗ್ಗೆ. ಜೊತೆಗಿರುವ ತರಬೇತುದಾರನಿಗೆ ನಿಮ್ಮ ಮಾವನವರ ಶುಗರ್ ಗೊತ್ತಿಲ್ಲ. ನೀರಿನಡಿಯಲ್ಲಿ ಶುಗರ್ ಇಳಿದು ತಲೆ ಸುತ್ತಿದರೆ ಅವನಿಗೆ ಅದು ಗಾಬರಿಯ ಹಾಗೆ ಕಾಣುತ್ತದೆ. ಏನು ನಡೆಯುತ್ತಿದೆ ಅಂತ ತಿಳಿಯದೆ ಆ ಹುಡುಗ ಏನು ಮಾಡಬೇಕು ಹೇಳಿ?

ಜಯನಗರ 4ನೇ ಬ್ಲಾಕ್

ಇದು ಹೊಳೆದಿರಲಿಲ್ಲ ಮೇಡಂ. ಸರಿ, ಒಪ್ಪಿದೆ.

ಮಂಗ್ಳೂರು ಧಕ್ಕೆ

ಅಲ್ಲ ಮಾರಾಯ್ರೆ, ಅಷ್ಟು ದೂರ ಯಾಕೆ, ನಮ್ಮ ಪಶ್ಚಿಮದ ಕಡಲು ನೋಡಿದ್ದೀರಾ? ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಒಳಗೆ ನೇತ್ರಾಣಿ. ಮೇಲಿನಿಂದ ನೋಡಿದರೆ ಹೃದಯದ ಆಕಾರ. ದಡ ಅಂತ ಇಲ್ಲ, ಬರೀ ಕಡಿದಾದ ಬಂಡೆ. ಅದರ ಮೇಲೆ ಬಿಳಿ ಹೊಟ್ಟೆಯ ಕಡಲ ಹದ್ದು ಗೂಡು ಕಟ್ಟುತ್ತದೆ. ದೋಣಿ ಬಂಡೆಯ ಹತ್ತಿರ ಲಂಗರು ಹಾಕುತ್ತದೆ, ಅಲ್ಲೇ ಇಳಿಯುವುದು. ಮಳೆ ಮುಗಿದ ಮೇಲೆ ಶುರು, ಮುಂಗಾರು ಬರುವ ಹೊತ್ತಿಗೆ ಬಂದ್.

ಇನ್ನು ಲಕ್ಷದ್ವೀಪ. 36 ದ್ವೀಪ, ಜನ ಇರುವುದು ಹತ್ತರಲ್ಲಿ, ಎಲ್ಲ ಸೇರಿ 32 ಚದರ ಕಿಲೋಮೀಟರ್. ಅಮಿನಿ, ಕಡಮತ್ ಕಡೆಯ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು, ಗೊತ್ತುಂಟಾ? ಅಲ್ಲಿಯವರು ತೆಂಗಿನ ನಾರು ತಂದು ಮಂಗಳೂರಿನಲ್ಲಿ ಅಕ್ಕಿ ಕೊಂಡು ಹೋಗುತ್ತಿದ್ದರು. ಈಗಲೂ ಹಳೆ ಬಂದರಿನಲ್ಲಿ ನಿಂತರೆ ಅಲ್ಲಿಗೆ ಹೋಗುವ ಸರಕು ಕಾಣುತ್ತದೆ.

ಅಲ್ಲಿಯ ನೀರೇ ಬೇರೆ. ಹವಳದ ಉಂಗುರದ ಒಳಗೆ ಸೊಂಟದ ಮಟ್ಟದ ತಿಳಿನೀರು, ತೆರೆ ಎಲ್ಲ ಹೊರಗೇ ಒಡೆಯುತ್ತದೆ. ಜ್ವಾಲಾಮುಖಿಯ ಸುತ್ತ ಹವಳ ಬೆಳೆದು, ಜ್ವಾಲಾಮುಖಿ ನಿಧಾನಕ್ಕೆ ಮುಳುಗಿ, ಹವಳ ಮಾತ್ರ ಮೇಲಕ್ಕೆ ಬೆಳೆಯುತ್ತಾ ಉಳಿದರೆ ಇಂಥ ಉಂಗುರ ಆಗುತ್ತದೆ ಅಂತ ಡಾರ್ವಿನ್ 1842ರಲ್ಲೇ ಬರೆದರು. ಹೆದರುವ ಅಮ್ಮಂದಿರಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಆದರೆ ಪರ್ಮಿಟ್ ಬೇಕು, ಸಮಯ ಇಟ್ಟುಕೊಂಡು ಅರ್ಜಿ ಹಾಕಬೇಕು.

ತುಂಗಾತೀರ

ಟಿಕೆಟ್ ಆಗಿಬಿಟ್ಟಿದೆ ಸರ್, ಈ ಸಲ ಅಂಡಮಾನೇ. ಲಕ್ಷದ್ವೀಪ ಬರೆದಿಟ್ಟುಕೊಂಡೆ. ಪ್ಲಾನ್ ಬದಲಾಯಿಸಲು ಹೇಳಿದ್ದೇನೆ. ಎರಡನೇ ದಿನ ಹ್ಯಾವ್‌ಲಾಕ್, ಮೂರನೇ ದಿನ ಡೈವ್, ನಾಲ್ಕನೇ ದಿನ ನೀಲ್ ದ್ವೀಪ, ಐದನೇ ದಿನ ಪೋರ್ಟ್ ಬ್ಲೇರ್. ತಮ್ಮ ಕೇಳುತ್ತಿದ್ದಾನೆ, ಆಕ್ಸಿಜನ್ ಸಿಲಿಂಡರ್ ಮಧ್ಯದಲ್ಲಿ ಖಾಲಿಯಾದರೆ?

ಕಡಲೂರಿನವ

ಅದರಲ್ಲಿ ಬರೀ ಆಕ್ಸಿಜನ್ ಇರುವುದಿಲ್ಲ, ನಾವು ಈಗ ಉಸಿರಾಡುತ್ತಿರುವ ಗಾಳಿಯೇ. ಒತ್ತಿ ತುಂಬಿರುತ್ತಾರೆ ಅಷ್ಟೆ. ಹನ್ನೊಂದು ಲೀಟರ್ ಹಿಡಿಯುವ ಟ್ಯಾಂಕ್‌ಗೆ 200 ಬಾರ್ ಒತ್ತಡದಲ್ಲಿ ತುಂಬಿದರೆ ಸುಮಾರು 2,200 ಲೀಟರ್ ಗಾಳಿ. ಮೊದಲ ಡೈವ್ ಅರ್ಧ ಗಂಟೆಯ ಒಳಗೇ ಮುಗಿಯುತ್ತದೆ, ಟ್ಯಾಂಕ್‌ನಲ್ಲಿ ಇನ್ನೂ ಬೇಕಾದಷ್ಟು ಉಳಿದಿರುತ್ತದೆ. ಎಷ್ಟಿದೆ ಅಂತ ತೋರಿಸುವ ಗೇಜ್ ಇರುತ್ತದೆ. ತರಬೇತುದಾರರ ಹತ್ತಿರ ಇನ್ನೊಂದು ಬಾಯಿಕೊಳವೆ ಕೂಡ ಇರುತ್ತದೆ.

ಬಾಯಲ್ಲಿ ಕಚ್ಚಿಕೊಳ್ಳುವ ರೆಗ್ಯುಲೇಟರ್ ಇದೆಯಲ್ಲ, ನಾವು ಎಳೆದಾಗ ಮಾತ್ರ, ನಾವಿರುವ ಆಳದ ಒತ್ತಡಕ್ಕೆ ಸರಿಯಾಗಿ ಗಾಳಿ ಕೊಡುತ್ತದೆ. 1943ರಲ್ಲಿ ಫ್ರಾನ್ಸ್‌ನಲ್ಲಿ ಜಾಕ್ ಕುಸ್ತೊ, ಎಮಿಲ್ ಗಾನ್ಯಾನ್ ಇಬ್ಬರೂ ಸೇರಿ ಅದನ್ನು ರೂಪಿಸಿದ್ದರಿಂದಲೇ ಇವತ್ತು ನಮ್ಮಂಥವರು ಮೀನಿನ ಜೊತೆ ಕೂರಬಹುದು.

ತಮ್ಮನಿಗೆ ಒಂದೇ ನಿಯಮ ಬಾಯಿಪಾಠ ಮಾಡಿಸಿ: ಉಸಿರು ಹಿಡಿಯಬಾರದು. ಎಂದೂ. ಹತ್ತು ಮೀಟರ್ ಆಳದಲ್ಲಿ ಶ್ವಾಸಕೋಶ ತುಂಬಿಕೊಂಡು ಉಸಿರು ಹಿಡಿದು ಮೇಲೆ ಬಂದರೆ ಆ ಗಾಳಿ ಎರಡರಷ್ಟು ಹಿಗ್ಗಲು ನೋಡುತ್ತದೆ. ಶ್ವಾಸಕೋಶ ಅಷ್ಟು ಹಿಗ್ಗುವುದಿಲ್ಲ. ಒಂದೆರಡು ಮೀಟರ್‌ನಲ್ಲೂ ಇದು ಅಪಾಯ.

ಇನ್ನೊಂದು, ಹೆಬ್ಬೆರಳು ಎತ್ತಿ ತೋರಿಸಬೇಡಿ. ಅದರ ಅರ್ಥ ಮೇಲೆ ಹೋಗೋಣ ಅಂತ. ಚೆನ್ನಾಗಿದೆ ಅನ್ನಲು ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಬೇಕು. ಖುಷಿಯಲ್ಲಿ ಹೆಬ್ಬೆರಳು ಎತ್ತಿ ಐದೇ ನಿಮಿಷಕ್ಕೆ ಮೇಲೆ ಬಂದವರನ್ನು ನೋಡಿದ್ದೇನೆ, ಪಾಪ ಅನ್ನಿಸುತ್ತದೆ.

ಬಿಳಿಹವಳ

ನಾನು ಹೇಳಬೇಕಾಗಿರುವುದು ಬೇರೆ. ಮೂರು ವರ್ಷದ ಹಿಂದೆ ನಾನು ಹೋದಾಗ ಒಂದು ಕಡೆ ಬುಕ್ ಮಾಡಿದ್ದೆವು, ಹೆಸರು ಬೇಡ. ನೀರಿನಡಿಯಲ್ಲಿ ನಮ್ಮನ್ನು ಒಂದು ದೊಡ್ಡ ದುಂಡು ಹವಳದ ಹತ್ತಿರ ಕರೆದುಕೊಂಡು ಹೋಗಿ, ಅದನ್ನೇ ಹಿಡಿಸಿ, ಅದರ ಮೇಲೇ ಮೊಣಕಾಲು ಊರಿಸಿ ಫೋಟೋ ತೆಗೆದರು. ನಮಗಿಂತ ಮುಂಚೆ ನಾಲ್ವರು, ನಮ್ಮ ಹಿಂದೆ ಇನ್ನೂ ಆರು ಜನ. ಹವಳದ ಆ ಜಾಗ ಸವೆದು ನುಣುಪಾಗಿತ್ತು. ಫೋಟೋದಲ್ಲಿ ನಾನು ನಗುತ್ತಿದ್ದೇನೆ. ಆಮೇಲೆ ಓದಿದಾಗ ಗೊತ್ತಾಯಿತು, ಅಂಥ ದುಂಡು ಹವಳ ವರ್ಷಕ್ಕೆ ಬೆಳೆಯುವುದೇ ಒಂದು ಸೆಂಟಿಮೀಟರ್ ಆಸುಪಾಸು. ಅಷ್ಟು ದೊಡ್ಡದಾಗಲು ನಮ್ಮಜ್ಜಿಯ ವಯಸ್ಸಿಗಿಂತ ಜಾಸ್ತಿ ಬೇಕು. ಆ ಫೋಟೋ ಅಳಿಸಿದ್ದೇನೆ, ಮನಸ್ಸಿನಿಂದ ಹೋಗಿಲ್ಲ.

ಹವಳ ಕಲ್ಲಲ್ಲ. ಸಾವಿರಾರು ಸಣ್ಣ ಜೀವಿಗಳು ಸೇರಿ ಕಟ್ಟಿಕೊಂಡ ಮನೆ. ಅವುಗಳ ಮೈಯೊಳಗೆ ಪಾಚಿ ಇರುತ್ತದೆ, ಬಿಸಿಲಿನಲ್ಲಿ ಅದು ಅಡುಗೆ ಮಾಡಿ ಇವಕ್ಕೆ ಬಡಿಸುತ್ತದೆ. ನೀರು ಬೇಸಿಗೆಯ ಮಾಮೂಲಿಗಿಂತ ಒಂದು ಡಿಗ್ರಿ ಜಾಸ್ತಿ ಬಿಸಿಯಾಗಿ ಕೆಲವು ವಾರ ಹಾಗೇ ನಿಂತರೆ ಸಾಕು, ಹವಳ ಆ ಪಾಚಿಯನ್ನು ಹೊರಗೆ ಹಾಕಿ ಬೆಳ್ಳಗಾಗುತ್ತದೆ. ಅಂಡಮಾನ್‌ನಲ್ಲಿ 2010ರ ಬೇಸಿಗೆಯಲ್ಲಿ ಹೀಗೇ ಆಗಿತ್ತು. ಮತ್ತೆ 2016ರಲ್ಲೂ. ಇಷ್ಟು ಕಷ್ಟದಲ್ಲಿರುವ ಜೀವದ ಮೇಲೆ ನಾವು ಹೋಗಿ ಮೊಣಕಾಲು ಊರುವುದಾ?

ಬುಕ್ ಮಾಡುವ ಮುಂಚೆ ಎರಡು ಪ್ರಶ್ನೆ ಕೇಳಿ. ಒಬ್ಬ ತರಬೇತುದಾರನಿಗೆ ಎಷ್ಟು ಜನ? ಹವಳ ಮುಟ್ಟಿದರೆ ಏನು ಮಾಡುತ್ತೀರಿ? ಎರಡನೇ ಪ್ರಶ್ನೆಗೆ ನಕ್ಕುಬಿಟ್ಟರೆ ಬೇರೆ ಕಡೆ ನೋಡಿ. ದಡದಲ್ಲಿ ಬಿದ್ದ ಹವಳದ ತುಂಡನ್ನೂ ತರಬೇಡಿ. ವನ್ಯಜೀವಿ ಕಾಯ್ದೆಯಲ್ಲಿ ಹವಳಕ್ಕೆ ಹುಲಿಯಷ್ಟೇ ರಕ್ಷಣೆ ಇದೆ. ಸನ್‌ಸ್ಕ್ರೀನ್ ಬಳಿದುಕೊಳ್ಳುವ ಬದಲು ಉದ್ದ ತೋಳಿನ ಈಜುಡುಪು ಹಾಕಿ, ಬಿಸಿಲಿಗೂ ಅದೇ ಒಳ್ಳೆಯದು.

ಎರಡು ಸಲ ಹೋದವಳು

ಡೈವ್ ಬಗ್ಗೆ ಎಲ್ಲರೂ ಹೇಳಿದರು, ನಾನು ಉಳಿದಿದ್ದು ಹೇಳುತ್ತೇನೆ.

ಹೆಸರುಗಳಿಂದ ಗೊಂದಲ ಆಗಬೇಡಿ. 2018ರಿಂದ ಹ್ಯಾವ್‌ಲಾಕ್ ಸ್ವರಾಜ್ ದ್ವೀಪ, ನೀಲ್ ಶಹೀದ್ ದ್ವೀಪ. 2024ರಿಂದ ಪೋರ್ಟ್ ಬ್ಲೇರ್ ಶ್ರೀ ವಿಜಯಪುರಂ. ಜನರ ಬಾಯಲ್ಲಿ ಹಳೆಯದೇ ಜಾಸ್ತಿ.

ಅಲ್ಲಿ ಜನವರಿಯಲ್ಲಿ ಐದೂಕಾಲಿಗೆಲ್ಲ ಸೂರ್ಯ ಮುಳುಗುತ್ತಾನೆ. ಇಷ್ಟು ಪೂರ್ವದಲ್ಲಿದ್ದರೂ ಗಡಿಯಾರ ನಮ್ಮದೇ. ನಮ್ಮ ಲೆಕ್ಕದಲ್ಲಿ ಆರೂವರೆಗೆ ಸೂರ್ಯಾಸ್ತ ನೋಡೋಣ ಅಂತ ಕಾಫಿ ಕುಡಿಯುತ್ತಾ ಕೂತರೆ ಕತ್ತಲೇ ಸಿಗುವುದು. ರಾಧಾನಗರ ಬೀಚ್‌ಗೆ ಮೂರೂವರೆಗೆ ಹೋಗಿಬಿಡಿ. ಅದು ಪಶ್ಚಿಮಕ್ಕೆ ಮುಖ ಮಾಡಿದೆ, ಹಿಂದೆ ದೊಡ್ಡ ದೊಡ್ಡ ಮರದ ಕಾಡು, ಮರಳು ಗೋಧಿಹಿಟ್ಟಿನಷ್ಟು ನುಣ್ಣಗೆ. ಪೂರ್ವದ ಕಡೆಯ 3, 5 ನಂಬರ್ ಬೀಚ್‌ಗಳಲ್ಲಿ ಇಳಿತದ ಹೊತ್ತಿಗೆ ನೀರು ತುಂಬಾ ದೂರ ಹೋಗಿಬಿಡುತ್ತದೆ, ಬರೀ ಕಲ್ಲು. ಅಲ್ಲಿ ರೂಮು ಮಾಡಿ ಈಜಬಹುದು ಅಂದುಕೊಂಡವರಿಗೆ ಬೇಜಾರಾಗುತ್ತದೆ. ಉಬ್ಬರ ಇಳಿತದ ಸಮಯ ಹೋಟೆಲ್‌ನವರನ್ನು ಕೇಳಿ. ನೀಲ್‌ನ ಲಕ್ಷ್ಮಣಪುರದ ಕಲ್ಲಿನ ಸೇತುವೆಗೂ ಇಳಿತ ಇದ್ದಾಗಲೇ ಹೋಗಬೇಕು.

ಮೊಸಳೆ ಎಚ್ಚರಿಕೆ ಫಲಕ ಇದ್ದ ಕಡೆ ನೀರಿಗೆ ಇಳಿಯಬೇಡಿ. ಉಪ್ಪುನೀರಿನ ಮೊಸಳೆ ಅಲ್ಲಿ ನಿಜವಾಗಿಯೂ ಇದೆ. ಹಡಗಿನ ಟಿಕೆಟ್ ಮೊದಲೇ ಮಾಡಿ. ಗಾಳಿ ಜೋರಾದರೆ ಹಡಗು ರದ್ದಾಗುತ್ತದೆ, ಕೊನೆಯ ದಿನ ಪೋರ್ಟ್ ಬ್ಲೇರ್‌ನಲ್ಲಿ ಇರಲು ಇದೂ ಒಂದು ಕಾರಣ. ನಗದು ಇಟ್ಟುಕೊಳ್ಳಿ. ಊಟದ ಚಿಂತೆ ಬೇಡ. ದೇಶ ಒಡೆದ ಮೇಲೆ ಪೂರ್ವ ಬಂಗಾಳದಿಂದ ಬಂದವರನ್ನು ಈ ದ್ವೀಪಗಳಲ್ಲಿ ನೆಲೆಗೊಳಿಸಿದ್ದು, ಅವರ ಮನೆಯ ಅನ್ನ, ಬೇಳೆ, ಬದನೆಕಾಯಿ ಹುರಿದದ್ದು ಅಮ್ಮನಿಗೆ ಹಿಡಿಸುತ್ತದೆ.

ತುಂಗಾತೀರ

ಬಂದು ನಾಲ್ಕು ದಿನ ಆಯಿತು. ಬರೆಯಲು ಈಗ ಪುರುಸೊತ್ತು ಸಿಕ್ಕಿತು.

ಅಮ್ಮನ ಡಾಕ್ಟರ್ ಸ್ಕೂಬಾ ಸದ್ಯಕ್ಕೆ ಬೇಡ, ತೇಲುವುದಕ್ಕೆ ಅಡ್ಡಿ ಇಲ್ಲ ಅಂದರು. ಇನ್ನು ತಮ್ಮನಿಗೆ ಡೈವ್‌ನ ಹಿಂದಿನ ರಾತ್ರಿ ನೆಗಡಿ ಶುರು. ಬೆಳಗ್ಗೆ ಫಾರಂ ಮುಂದೆ ಇಟ್ಟುಕೊಂಡು ತುಂಬಾ ಹೊತ್ತು ಕೂತಿದ್ದ. ನಾನು ಏನೂ ಹೇಳಲಿಲ್ಲ. ಕೊನೆಗೆ ಅವನೇ ನಿಜ ಬರೆದು ಪೆನ್ನು ಕೊಟ್ಟು ಎದ್ದು ಹೋದ. ದೋಣಿಯಲ್ಲಿ ಜೊತೆಗೆ ಬಂದ, ಆದರೆ ನಾನು ನೀರಿಗೆ ಇಳಿಯುವಾಗ ಆ ಕಡೆ ಮುಖ ಮಾಡಿ ಕೂತಿದ್ದ. ನನಗೆ ಹೊಟ್ಟೆ ಉರಿಯಿತು.

ನನ್ನ ಡೈವ್. ಲಂಗರಿನ ಹಗ್ಗ ಹಿಡಿದು ಇಳಿದೆವು. ಮೂರು ಮೀಟರ್ ಹತ್ತಿರ ಎಡಗಿವಿ ಬಿಗಿಯಿತು. ಊದಿದೆ, ಆಗಲಿಲ್ಲ. ಅಂಗೈ ಅಲ್ಲಾಡಿಸಿ ಕಿವಿ ತೋರಿಸಿದೆ. ತರಬೇತುದಾರ ಅವಸರ ಮಾಡಲಿಲ್ಲ. ನನ್ನನ್ನು ಒಂದು ಮೀಟರ್ ಮೇಲಕ್ಕೆ ಕರೆದುಕೊಂಡು ಬಂದು, ತಲೆಯನ್ನು ಬಲಭುಜದ ಕಡೆ ವಾಲಿಸಿ ಊದು ಅಂತ ತಾನೇ ಮಾಡಿ ತೋರಿಸಿದರು. ಕೀಂಯ್ ಅಂತ ಸಣ್ಣ ಸದ್ದು ಬಂತು, ಕಿವಿ ಬಿಟ್ಟಿತು. ಆಮೇಲೆ ಒಂಬತ್ತು ಮೀಟರ್‌ವರೆಗೂ ತೊಂದರೆ ಇಲ್ಲ.

ಅಲ್ಲಿ ಕೆಂಪು ಬಣ್ಣ ಇರಲಿಲ್ಲ. ನನ್ನ ಕೈಯ ಕೆಂಪು ದಾರ ಕಂದುಬಣ್ಣಕ್ಕೆ ತಿರುಗಿತ್ತು. ಕಂಬಳಿಯಷ್ಟು ದಪ್ಪ ತುಟಿಯ ದೊಡ್ಡ ಚಿಪ್ಪೊಂದು ಬಾಯಿ ತೆರೆದುಕೊಂಡಿತ್ತು. ತುಟಿ ಪೂರ್ತಿ ನೀಲಿ, ಅದರ ಮೇಲೆ ಹಸಿರು ಚುಕ್ಕೆ. ನನ್ನ ನೆರಳು ಬಿದ್ದಿದ್ದೇ ತಡ ಮೆಲ್ಲಗೆ ಮುಚ್ಚಿಕೊಂಡಿತು. ನಾವು ಸರಿದು ನಿಂತೆವು. ಸ್ವಲ್ಪ ಹೊತ್ತಿಗೆ ಮತ್ತೆ ತೆರೆಯಿತು. ನಾನು ಅದನ್ನೇ ನೋಡುತ್ತಾ ಇದ್ದೆ, ಉಳಿದ ಮೀನು ಎಷ್ಟು ಬಂದವೋ ನೆನಪಿಲ್ಲ. ಬಿಳಿಹವಳ ಅವರೇ, ನಾವು ಯಾರೂ ಏನನ್ನೂ ಮುಟ್ಟಲಿಲ್ಲ. ಎರಡು ಪ್ರಶ್ನೆ ಕೇಳಿಯೇ ಬುಕ್ ಮಾಡಿದ್ದೆ.

ಅಮ್ಮನ ಸರದಿ ನೀಲ್‌ನ ಭರತ್‌ಪುರದಲ್ಲಿ. ಲೈಫ್ ಜಾಕೆಟ್, ಕೈಯಲ್ಲಿ ರಬ್ಬರ್ ಟ್ಯೂಬು, ಪಕ್ಕದಲ್ಲಿ ಅಲ್ಲಿಯ ಹುಡುಗ. ಮೊದಲ ಹತ್ತು ನಿಮಿಷ ಮುಖ ನೀರಿಗೆ ಇಡಲೇ ಇಲ್ಲ. ಆಮೇಲೆ ಇಟ್ಟರು, ಎತ್ತಲೇ ಇಲ್ಲ. ಹೆದರಿಕೆಯಾಗಿ ಭುಜ ಮುಟ್ಟಿದೆ. ತಲೆ ಎತ್ತಿ, ಕೊಳವೆ ತೆಗೆದು, "ಕೆಳಗೆ ಯಾರೋ ಹುರಿಗಡಲೆ ತಿಂತಿದ್ದಾರೆ ಕಣೇ, ಕೇಳಿಸ್ತಾ ಇದೆ" ಅಂದರು. ಗಿಳಿಮೀನು. ಗಿಳಿ ಕೊಕ್ಕಿನಂಥ ಹಲ್ಲಿನಿಂದ ಹವಳದ ಕಲ್ಲು ಕೆರೆದು ತಿನ್ನುವ ಸದ್ದು ಅದು, ಕಟಕಟ ಅಂತ. ತಿಂದ ಕಲ್ಲು ಹಿಂದಿನಿಂದ ಮರಳಾಗಿ ಬರುತ್ತದೆ, ದೊಡ್ಡ ಗಿಳಿಮೀನು ವರ್ಷಕ್ಕೆ ನೂರಾರು ಕಿಲೋ ಮರಳು ಮಾಡುತ್ತದೆ ಅಂತ ಆ ಹುಡುಗ ಹೇಳಿದ. ಅಮ್ಮ ದಡಕ್ಕೆ ಬಂದ ಮೇಲೆ ಒಂದು ಹಿಡಿ ಮರಳು ಎತ್ತಿಕೊಂಡು ನೋಡಿ, ಅಲ್ಲೇ ವಾಪಸ್ ಹಾಕಿದರು.

ಮೂಗುಕಿವಿಗಂಟಲು

ತಮ್ಮನಿಗೆ ನನ್ನ ಕಡೆಯಿಂದ ಶಭಾಷ್ ಹೇಳಿ. ಅಷ್ಟು ದೂರ ಹೋಗಿ ನಿಜ ಬರೆಯುವುದು ಸುಲಭ ಅಲ್ಲ.

ಹೊಸಬಳು

ಕನ್ನಡಕದ ವಿಷಯ ಯಾರೂ ಹೇಳಲಿಲ್ಲ. ಪವರ್ ಇರುವ ಮಾಸ್ಕ್ ಸಿಕ್ಕಿತಾ? ನನಗೂ ಮೈನಸ್ ನಾಲ್ಕು.

ತುಂಗಾತೀರ

ಸಿಕ್ಕಿತು, ಬುಕ್ ಮಾಡುವಾಗಲೇ ಫೋನಿನಲ್ಲಿ ಹೇಳಿದ್ದೆ. ಅವರ ಹತ್ತಿರ ಮೈನಸ್ ಮೂರರದ್ದು ಇತ್ತು. ನೀರಿನಡಿಯಲ್ಲಿ ಎಲ್ಲ ಸುಮಾರು ಮೂರನೇ ಒಂದರಷ್ಟು ದೊಡ್ಡದಾಗಿ, ಹತ್ತಿರ ಕಾಣುವುದರಿಂದ ಅರ್ಧ ಪವರ್ ಕಡಿಮೆ ಇದ್ದಿದ್ದು ಗೊತ್ತೇ ಆಗಲಿಲ್ಲ. ಮೊದಲೇ ಕೇಳಿ, ಅಲ್ಲಿ ಹೋಗಿ ಕೇಳಿದರೆ ಸಿಗದೇ ಇರಬಹುದು.

ಮಂಗ್ಳೂರು ಧಕ್ಕೆ ಸರ್, ಫೆಬ್ರವರಿ ಕೊನೆಯಲ್ಲಿ ತಮ್ಮನನ್ನು ನೇತ್ರಾಣಿಗೆ ಕರೆದುಕೊಂಡು ಹೋಗಬೇಕು ಅಂತಿದ್ದೇನೆ. ಆಗ ಕಡಲು ಹೇಗಿರುತ್ತದೆ?

ಮಂಗ್ಳೂರು ಧಕ್ಕೆ

ಫೆಬ್ರವರಿ ಒಳ್ಳೆಯದೇ. ಬೆಳಗ್ಗೆ ಮೊದಲ ದೋಣಿಗೇ ಹೋಗಿ, ಮಧ್ಯಾಹ್ನದ ಮೇಲೆ ಗಾಳಿ ಏಳುತ್ತದೆ, ಬರುವಾಗ ದೋಣಿ ಕುಣಿಯುತ್ತದೆ. ಹೊಟ್ಟೆ ತುಂಬಾ ತಿಂದು ಹತ್ತಬೇಡಿ, ಎರಡು ಇಡ್ಲಿ ಸಾಕು. ರೂಮು ಎರಡು ರಾತ್ರಿಗೆ ಮಾಡಿ. ಡೈವ್ ಆದ ದಿನ ಘಟ್ಟ ಹತ್ತುವುದು ಬೇಡ.

ತುಂಗಾತೀರ

ಎರಡು ರಾತ್ರಿಗೇ ಮಾಡುತ್ತಿದ್ದೇವೆ ಸರ್. ಅಮ್ಮನೂ ಬರುತ್ತಾರಂತೆ, ದೋಣಿಯಲ್ಲಿ ಕೂತು ಹದ್ದು ನೋಡಲು.